ಹಲವು ಡಿಶ್, ಒಂದೇ ರಿಸೀವರ್: ಡೈಸೆಕ್ ಸ್ವಿಚ್ ಜೋಡಣೆಯ ಸಮಗ್ರ ಮಾರ್ಗದರ್ಶಿ

ರಿಸೀವರಿನ ಹಿಂಬದಿಯಲ್ಲಿ ‘ಎಲ್‌ಎನ್‌ಬಿ ಇನ್’ ಎಂಬ ಕಿಂಡಿ ಇರುವುದು ಒಂದೇ. ಮಾಳಿಗೆಯ ಮೇಲೆ ಎರಡೋ ಮೂರೋ ಡಿಶ್‌ಗಳಿದ್ದರೆ ಅವನ್ನೆಲ್ಲ ಆ ಒಂದು ಕಿಂಡಿಗೆ ತರುವುದು ಹೇಗೆ? ಕೇಬಲ್ ಟಿವಿ ಲೈನಿಗೆ ಹಾಕುವ ಸ್ಪ್ಲಿಟರನ್ನೇ ತಿರುಗಿಸಿ ಹಾಕಿ, ಎರಡೂ ಕೇಬಲ್ ಕೂಡಿಸಿಬಿಡೋಣ ಎನ್ನುವುದು ಸಾಮಾನ್ಯವಾಗಿ ಮೊದಲು ಹೊಳೆಯುವ ಉಪಾಯ. ಅದು ಕೆಲಸ ಮಾಡುವುದಿಲ್ಲ. ಏಕೆ ಮಾಡುವುದಿಲ್ಲ ಎಂಬುದು ಅರ್ಥವಾದರೆ ಮುಂದಿನ ಜೋಡಣೆ ಅರ್ಧ ಮುಗಿದ ಹಾಗೆ.

ಕೂಡಿಸಿದರೆ ಏಕೆ ಆಗುವುದಿಲ್ಲ

ಡಿಶ್‌ನ ಮೂತಿಯಲ್ಲಿ ಕೂತಿರುವ ಎಲ್‌ಎನ್‌ಬಿ ಉಪಗ್ರಹದ ಆವರ್ತನವನ್ನು ಹಾಗೆಯೇ ಕೆಳಗೆ ಕಳಿಸುವುದಿಲ್ಲ. ಅಷ್ಟು ಎತ್ತರದ ಆವರ್ತನ ಕೇಬಲ್‌ನಲ್ಲಿ ಸಾಗುತ್ತ ಬೇಗ ಕುಗ್ಗಿಹೋಗುತ್ತದೆ. ಆದ್ದರಿಂದ ತನ್ನೊಳಗಿನ ಲೋಕಲ್ ಆಸಿಲೇಟರಿನ (ಒಂದು ನಿಗದಿತ ಆವರ್ತನ ಹುಟ್ಟಿಸುವ ಭಾಗದ) ನೆರವಿನಿಂದ ಅದನ್ನು 950ರಿಂದ 2150 ಮೆಗಾಹರ್ಟ್ಸ್ ನಡುವಿನ ಪಟ್ಟಿಗೆ ಇಳಿಸಿ ಕಳಿಸುತ್ತದೆ. ಎಲ್ಲ ಎಲ್‌ಎನ್‌ಬಿಗಳೂ ಇಳಿಸುವುದು ಇದೇ ಪಟ್ಟಿಗೆ.

ಒಂದು ಲೆಕ್ಕ ನೋಡಿ. ಸಿ-ಬ್ಯಾಂಡ್ (ಉಪಗ್ರಹದ ಕಡಿಮೆ ಆವರ್ತನದ ಪಟ್ಟಿ) ಎಲ್‌ಎನ್‌ಬಿಯ ಆಸಿಲೇಟರ್ 5150 ಮೆಗಾಹರ್ಟ್ಸ್. 3840ರಲ್ಲಿ ಬರುವ ಟ್ರಾನ್ಸ್‌ಪಾಂಡರ್ (ಉಪಗ್ರಹ ಚಾನೆಲ್‌ಗಳನ್ನು ಕಳಿಸುವ ಒಂದು ಆವರ್ತನ) ಕೇಬಲ್‌ಗೆ ಇಳಿಯುವುದು 5150 ಕಳೆ 3840, ಅಂದರೆ 1310ರಲ್ಲಿ. ಪಕ್ಕದ ಕು-ಬ್ಯಾಂಡ್ (ಹೆಚ್ಚಿನ ಆವರ್ತನದ ಪಟ್ಟಿ) ಡಿಶ್‌ನಲ್ಲಿ ಎರಡು ಆಸಿಲೇಟರ್ ಇರುವ, ಕೆಳ ಮತ್ತು ಮೇಲಿನ ಬ್ಯಾಂಡ್ ಎರಡನ್ನೂ ಹಿಡಿಯುವ ಯೂನಿವರ್ಸಲ್ ಎಲ್‌ಎನ್‌ಬಿ ಇದೆ. ಅದರ ಕೆಳ ಬ್ಯಾಂಡಿನ ಆಸಿಲೇಟರ್ 9750. ಅಲ್ಲಿ 11060ರ ಟ್ರಾನ್ಸ್‌ಪಾಂಡರ್ ಇಳಿಯುವುದು 11060 ಕಳೆ 9750, ಅದೂ 1310ಕ್ಕೇ. ಎರಡನ್ನೂ ಒಂದೇ ಕೇಬಲ್‌ಗೆ ಸುರಿದರೆ ಒಂದರ ಮೇಲೊಂದು ಬಿದ್ದು ಯಾವುದೂ ಓದಲು ಬಾರದ ಗದ್ದಲವಾಗುತ್ತದೆ. ಹಾಗಾಗಿ ನಮಗೆ ಬೇಕಾದದ್ದು ಕೂಡಿಸುವ ಸಾಧನವಲ್ಲ, ಆರಿಸುವ ಸಾಧನ. ಯಾವುದೇ ಕ್ಷಣದಲ್ಲಿ ಒಂದೇ ಡಿಶ್ ರಿಸೀವರಿಗೆ ತಗುಲಿಕೊಂಡಿರಬೇಕು. ಚಾನೆಲ್ ಬದಲಿಸಿದಾಗ ರಿಸೀವರ್ ತಾನೇ ಇನ್ನೊಂದಕ್ಕೆ ಹೊರಳಬೇಕು.

ಹೊರಳಬೇಕೆಂಬ ಅಪ್ಪಣೆಯೂ ಅದೇ ಕೇಬಲ್‌ನಲ್ಲಿ ಮೇಲಕ್ಕೆ ಹೋಗುತ್ತದೆ. ಒಂದೇ ತಂತಿಯಲ್ಲಿ ರಿಸೀವರ್ ಮೂರು ಮಾತು ಹೇಳುತ್ತದೆ. 13 ವೋಲ್ಟ್ ಕೊಟ್ಟರೆ ವರ್ಟಿಕಲ್ (ಮೇಲೆ-ಕೆಳಗೆ ಆಡುವ ಅಲೆ), 18 ಕೊಟ್ಟರೆ ಹಾರಿಜಾಂಟಲ್ (ಅಡ್ಡಕ್ಕೆ ಆಡುವ ಅಲೆ); ಅಲೆಯ ಈ ದಿಕ್ಕೇ ಪೋಲರೈಸೇಶನ್. ಬಿಡದೆ 22 ಕಿಲೋಹರ್ಟ್ಸ್ ಟೋನ್ ಕೊಟ್ಟರೆ ಯೂನಿವರ್ಸಲ್ ಎಲ್‌ಎನ್‌ಬಿ 10600ರ ಆಸಿಲೇಟರಿಗೆ, ಅಂದರೆ 11700 ಮೆಗಾಹರ್ಟ್ಸ್‌ಗಿಂತ ಮೇಲಿನ ಬ್ಯಾಂಡಿಗೆ ಹೊರಳುತ್ತದೆ. ಮೂರನೆಯದು, ಅದೇ 22 ಕಿಲೋಹರ್ಟ್ಸ್ ಟೋನನ್ನು ತುಂಡುತುಂಡಾಗಿ ಕಳಿಸಿ ಸಂಕೇತ ಮಾಡುವುದು. ಅದೇ ಡೈಸೆಕ್. ಯುರೋಪಿನ ಉಪಗ್ರಹ ಸಂಸ್ಥೆ ಯೂಟೆಲ್‌ಸ್ಯಾಟ್ ರೂಪಿಸಿದ ಮುಕ್ತ ಮಾನಕವಾದ್ದರಿಂದ ಒಂದು ಕಂಪನಿಯ ರಿಸೀವರ್ ಇನ್ನೊಂದು ಕಂಪನಿಯ ಸ್ವಿಚ್ಚಿನೊಂದಿಗೆ ಮಾತಾಡಬಲ್ಲದು.

ಯಾವ ಸ್ವಿಚ್ ಕೊಳ್ಳಬೇಕು

ಎರಡರಿಂದ ನಾಲ್ಕು ಡಿಶ್ ಇದ್ದರೆ ಡೈಸೆಕ್ 1.0ರ 4×1 (ನಾಲ್ಕು ಡಿಶ್, ಒಂದು ರಿಸೀವರ್) ಸ್ವಿಚ್ ಕೊಳ್ಳಿ. ಡಿಶ್ ಎರಡೇ ಇದ್ದರೂ 4×1 ತೆಗೆದುಕೊಳ್ಳುವುದು ಜಾಣತನ. ಉಳಿದ ಎರಡು ಪೋರ್ಟ್ ನಾಳೆಗೆ ಇರುತ್ತವೆ, ಒಂದು ಕೆಟ್ಟರೆ ಬದಲಿಯೂ ಆಗುತ್ತದೆ.

22ಕೆ ಸ್ವಿಚ್ ಎಂದು ಇನ್ನೊಂದು ಬಗೆಯಿದೆ. ಟೋನ್ ಇಲ್ಲದಾಗ ಒಂದು ಡಿಶ್, ಇದ್ದಾಗ ಇನ್ನೊಂದು: ಕೆಲಸ ಅಷ್ಟೇ. ಸಿ-ಬ್ಯಾಂಡ್ ಎಲ್‌ಎನ್‌ಬಿ ಮತ್ತು ಒಂದೇ ಆಸಿಲೇಟರಿನ ಕು-ಬ್ಯಾಂಡ್ ಎಲ್‌ಎನ್‌ಬಿಗಳ ಜೋಡಿಗೆ ಇದು ಚೆನ್ನಾಗಿ ನಡೆಯುತ್ತದೆ. ಯೂನಿವರ್ಸಲ್ ಎಲ್‌ಎನ್‌ಬಿ ಇದ್ದಲ್ಲಿ ಮಾತ್ರ ಬೇಡವೇ ಬೇಡ. ಬ್ಯಾಂಡ್ ಬದಲಿಸಲು ಕೊಟ್ಟ ಟೋನ್ ಸ್ವಿಚ್ಚನ್ನೂ ಹೊರಳಿಸಿಬಿಡುತ್ತದೆ. ಮೇಲಿನ ಬ್ಯಾಂಡಿನ ಚಾನೆಲ್ ಕೇಳಿದಾಗಲೆಲ್ಲ ಪಕ್ಕದ ಡಿಶ್ ಬಂದು ನಿಲ್ಲುತ್ತದೆ.

ಟೋನ್‌ಬರ್ಸ್ಟ್ ಸ್ವಿಚ್ ಡೈಸೆಕ್‌ನ ಸರಳ ರೂಪ, ಎರಡೇ ಡಿಶ್‌ಗೆ. ಐದು ಅಥವಾ ಹೆಚ್ಚು ಡಿಶ್ ಇದ್ದರೆ ಡೈಸೆಕ್ 1.1 ಬೇಕು, ಅದರ ವಿಚಾರ ಮುಂದಿದೆ. ಡೈಸೆಕ್ 1.2 ಸ್ವಿಚ್ಚಲ್ಲ, ಡಿಶ್ ತಿರುಗಿಸುವ ಮೋಟರಿನ ಭಾಷೆ. ಅಂಗಡಿಯಲ್ಲಿ ಅಂಕಿ ದೊಡ್ಡದಿದ್ದರೆ ಒಳ್ಳೆಯದು ಎಂದುಕೊಂಡು 1.2 ಕೇಳಬೇಡಿ.

ಬೇರೆ ಬೇರೆ ಡಿಶ್ ನಿಜಕ್ಕೂ ಬೇಕೇ ಎಂದೂ ಒಮ್ಮೆ ಯೋಚಿಸಿ. ಎರಡು ಉಪಗ್ರಹಗಳು ಆಕಾಶದಲ್ಲಿ ಹತ್ತು ಡಿಗ್ರಿಯೊಳಗೆ ಇದ್ದು ಸಿಗ್ನಲ್ ಬಲವಾಗಿದ್ದರೆ, ಒಂದೇ ಡಿಶ್‌ನಲ್ಲಿ ಪಟ್ಟಿ ಹಾಕಿ ಎರಡು ಎಲ್‌ಎನ್‌ಬಿ ಕೂರಿಸಬಹುದು. ಯುರೋಪಿನ ಉಪಗ್ರಹಗಳಾದ ಆಸ್ಟ್ರಾ 19.2 ಡಿಗ್ರಿ ಪೂರ್ವ, ಹಾಟ್‌ಬರ್ಡ್ 13 ಡಿಗ್ರಿ ಪೂರ್ವ, ಈ ಜೋಡಿಗೆಂದೇ ಎರಡು ಬಾಯಿಯ ಮಾನೋಬ್ಲಾಕ್ ಎಲ್‌ಎನ್‌ಬಿ ಬರುತ್ತದೆ. ಅದರೊಳಗೇ ಡೈಸೆಕ್ ಸ್ವಿಚ್ ಇರುತ್ತದೆ. ಬಿಡಿ ಎಲ್‌ಎನ್‌ಬಿ ಕೂರಿಸುವಾಗ ನೆನಪಿರಲಿ: ಡಿಶ್ ಕನ್ನಡಿಯಂತೆ. ಹೆಚ್ಚು ಪೂರ್ವದಲ್ಲಿರುವ ಉಪಗ್ರಹದ ಎಲ್‌ಎನ್‌ಬಿ ಪಶ್ಚಿಮದ ಬದಿಗೆ ಬರಬೇಕು.

ರಿಸೀವರಿನದೂ ಒಂದು ಮಾತು. ಹಣ ಕಟ್ಟಿ ನೋಡುವ ಡಿಟಿಎಚ್ ಸೇವೆಗಳ ಬಾಕ್ಸ್‌ಗಳು ಸಾಮಾನ್ಯವಾಗಿ ತಮ್ಮದೇ ಉಪಗ್ರಹಕ್ಕೆ ಬಿಗಿದಿರುತ್ತವೆ. ಡೈಸೆಕ್ ಆಯ್ಕೆ ಮೆನುವಿನಲ್ಲೇ ಇರುವುದಿಲ್ಲ. ಈ ಕೆಲಸಕ್ಕೆ ಬೇಕಾದದ್ದು ಉಪಗ್ರಹದ ಪಟ್ಟಿ, ಎಲ್‌ಎನ್‌ಬಿ ಆವರ್ತನ, ಡೈಸೆಕ್ ಎಲ್ಲವನ್ನೂ ನಾವೇ ತುಂಬಬಹುದಾದ ಫ್ರೀ-ಟು-ಏರ್ (ಹಣ ಕಟ್ಟದೆ ಸಿಗುವ ಚಾನೆಲ್‌ಗಳ) ರಿಸೀವರ್.

ಒಟ್ಟುಮಾಡಬೇಕಾದ ಸಾಮಾನು

ನಾಲ್ಕು ಡಿಶ್‌ನ ಜೋಡಣೆಗೆ: 4×1 ಡೈಸೆಕ್ ಸ್ವಿಚ್ ಒಂದು. ಡಿಶ್‌ಗಳಿಂದ ಸ್ವಿಚ್ಚಿಗೆ ನಾಲ್ಕು ತುಂಡು, ಸ್ವಿಚ್ಚಿನಿಂದ ರಿಸೀವರಿಗೆ ಒಂದು ಉದ್ದದ ತುಂಡು, ಹೀಗೆ ಐದು ಕೇಬಲ್. ಪ್ರತಿ ಕೇಬಲ್‌ಗೆ ಎರಡರಂತೆ ಹತ್ತು ಎಫ್ ಕನೆಕ್ಟರ್ (ಕೇಬಲ್ ತುದಿಗೆ ಹಾಕುವ ತಿರುಪಿನ ಮೂತಿ). ಕೆಡುವ ಲೆಕ್ಕಕ್ಕೆ ಇನ್ನು ನಾಲ್ಕು. ಎರಡು ಕೇಬಲ್ ಸೇರಿಸುವ ಜಾಯಿಂಟರ್ ಒಂದು. ಪರೀಕ್ಷೆಗೆ ಇದು ಬೇಕೇ ಬೇಕು. ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್, ಕೇಬಲ್ ಟೈ, ಮಲ್ಟಿಮೀಟರ್, 11 ಮಿ.ಮೀ. ಸ್ಪ್ಯಾನರ್, ದಿಕ್ಸೂಚಿ.

ಕೇಬಲ್‌ನಲ್ಲಿ ಉಳಿತಾಯ ಮಾಡಬೇಡಿ. 75 ಓಂನ ಆರ್‌ಜಿ-6 ಬೇಕು. ಹಳೆಯ ಟಿವಿ ಆಂಟೆನಾದ ಸಣ್ಣ ಕೇಬಲ್ ಸಾಲದು. ಆರ್‌ಜಿ-6ನಲ್ಲೂ ನಡುತಂತಿ ಪೂರ್ತಿ ತಾಮ್ರದ್ದು ಒಂದು, ಉಕ್ಕಿನ ಮೇಲೆ ತಾಮ್ರ ಬಳಿದದ್ದು ಇನ್ನೊಂದು. ಸಿಗ್ನಲ್ ತಂತಿಯ ಹೊರಮೈಯಲ್ಲಷ್ಟೇ ಹರಿಯುವುದರಿಂದ ಅದರ ಮಟ್ಟಿಗೆ ಎರಡೂ ಹೆಚ್ಚು ಕಡಿಮೆ ಒಂದೇ. ಆದರೆ ಎಲ್‌ಎನ್‌ಬಿಗೆ ಹೋಗುವ ಡಿಸಿ ಕರೆಂಟಿಗೆ ಉಕ್ಕು ಅಡ್ಡಿ. ತಂತಿಯ ಒಟ್ಟು ಅಡೆ 10 ಓಂ ಇದ್ದು 200 ಮಿಲಿಆಂಪಿಯರ್ ಹರಿದರೆ ದಾರಿಯಲ್ಲೇ 2 ವೋಲ್ಟ್ ಹೋಯಿತು. 18 ಹೊರಟದ್ದು 16 ಆಗಿ ಮುಟ್ಟುತ್ತದೆ. ಸ್ವಿಚ್ಚು ಇನ್ನಷ್ಟು ತಿನ್ನುತ್ತದೆ. 20 ಮೀಟರಿಗಿಂತ ಉದ್ದದ ಓಟಕ್ಕೆ ಪೂರ್ತಿ ತಾಮ್ರದ್ದನ್ನೇ ಹಾಕಿ. ನಡುತಂತಿಯ ತುದಿಯನ್ನು ಚಾಕುವಿನಿಂದ ಕೆರೆದು ನೋಡಿದರೆ ಒಳಗೆ ಬೆಳ್ಳಗೆ ಕಂಡದ್ದು ಉಕ್ಕು. ಅಯಸ್ಕಾಂತವೂ ಅದನ್ನು ಹಿಡಿಯುತ್ತದೆ.

ಮೊದಲು ಒಂದೊಂದೇ ಡಿಶ್, ಸ್ವಿಚ್ ಇಲ್ಲದೆ

ಇಡೀ ಕೆಲಸದಲ್ಲಿ ಹೆಚ್ಚು ಜನ ಎಡವುವುದು ಇಲ್ಲಿ. ಎಲ್ಲವನ್ನೂ ಸ್ವಿಚ್ಚಿಗೆ ಸಿಕ್ಕಿಸಿ, ಆಮೇಲೆ ಡಿಶ್ ತಿರುಗಿಸುತ್ತ ಸಿಗ್ನಲ್ ಹುಡುಕುತ್ತಾರೆ. ಸಿಗದಿದ್ದಾಗ ತಪ್ಪು ಡಿಶ್‌ನದೋ, ಎಲ್‌ಎನ್‌ಬಿಯದೋ, ಸ್ವಿಚ್ಚಿನದೋ, ಮೆನುವಿನದೋ ಹೇಳಲು ದಾರಿಯೇ ಇರುವುದಿಲ್ಲ. ಪ್ರತಿ ಡಿಶ್ಶನ್ನೂ ನೇರವಾಗಿ ರಿಸೀವರಿಗೆ ಹಾಕಿ, ಮೆನುವಿನಲ್ಲಿ ಡೈಸೆಕ್ ಆಫ್ ಮಾಡಿ, ಚಿತ್ರ ಬರಿಸಿ, ಬೋಲ್ಟ್ ಬಿಗಿದು, ಕ್ವಾಲಿಟಿಯ ಅಂಕಿ ಬರೆದಿಟ್ಟುಕೊಂಡ ಮೇಲೆಯೇ ಮುಂದಿನದಕ್ಕೆ ಹೋಗಿ.

ಡಿಶ್‌ಗಳ ನೆರಳು ಒಂದರ ಮೇಲೊಂದು ಬೀಳದ ಹಾಗೆ ಜಾಗ ಆರಿಸಿ. ಉಪಗ್ರಹ ದಿಗಂತದಿಂದ 45 ಡಿಗ್ರಿ ಎತ್ತರದಲ್ಲಿದ್ದರೆ, ಎದುರಿನ ಅಡ್ಡಿ ನಿಮ್ಮ ಡಿಶ್‌ನ ಕೆಳ ಅಂಚಿಗಿಂತ ಎಷ್ಟು ಎತ್ತರವಿದೆಯೋ ಅಷ್ಟು ದೂರ ಬಿಡಬೇಕು. 30 ಡಿಗ್ರಿಯಾದರೆ ಆ ಎತ್ತರದ 1.7 ಪಟ್ಟು. ಕಂಬ ನೆಟ್ಟಗಿರಬೇಕು, ಎರಡು ಬದಿಯಿಂದ ರಸಮಟ್ಟ ಇಟ್ಟು ನೋಡಿ. ಕಂಬ ವಾಲಿದ್ದರೆ ಡಿಶ್ ಪಕ್ಕಕ್ಕೆ ತಿರುಗಿಸಿದಾಗಲೆಲ್ಲ ಎತ್ತರದ ಕೋನವೂ ಕದಲುತ್ತದೆ.

60 ಸೆ.ಮೀ. ಕು-ಬ್ಯಾಂಡ್ ಡಿಶ್‌ನ ನೋಟ ಸುಮಾರು 3 ಡಿಗ್ರಿ ಅಗಲ. 1.8 ಮೀಟರಿನ ಸಿ-ಬ್ಯಾಂಡ್ ಡಿಶ್‌ನದೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಒಂದು ಡಿಗ್ರಿ ತಪ್ಪಿದರೂ ಸಿಗ್ನಲ್ ಇಳಿಯುತ್ತದೆ, ಎರಡು ತಪ್ಪಿದರೆ ಹೋಯಿತು. ನಿಮ್ಮ ಊರಿನ ಅಕ್ಷಾಂಶ ರೇಖಾಂಶ ಕೊಟ್ಟು ಮೊಬೈಲ್ ಆ್ಯಪ್‌ನಿಂದ ದಿಕ್ಕು, ಎತ್ತರ, ಎಲ್‌ಎನ್‌ಬಿಯ ಓರೆ ಮೂರನ್ನೂ ತೆಗೆದುಕೊಳ್ಳಿ. ದಿಕ್ಸೂಚಿಯನ್ನು ಕಂಬದಿಂದ ಎರಡು ಮೀಟರ್ ದೂರ ನಿಂತು ಓದಿ. ಕಬ್ಬಿಣದ ಪಕ್ಕ ಅದು ಸುಳ್ಳು ಹೇಳುತ್ತದೆ.

ಎತ್ತರವನ್ನು ಲೆಕ್ಕಕ್ಕೆ ಸರಿಯಾಗಿ ಇಟ್ಟು, ಪಕ್ಕಕ್ಕೆ ತಿರುಗಿಸುತ್ತ ಹುಡುಕಿ. ಬೆರಳಗಲಕ್ಕಿಂತ ಕಡಿಮೆ ತಿರುಗಿಸಿ, ಎರಡು ಸೆಕೆಂಡ್ ನಿಲ್ಲಿ, ಮತ್ತೆ ತಿರುಗಿಸಿ. ಸಿಗ್ನಲ್ ಹಿಡಿದು ಕ್ವಾಲಿಟಿ ತೋರಿಸಲು ರಿಸೀವರಿಗೆ ಆ ಹೊತ್ತು ಬೇಕು. ಅವಸರಕ್ಕೆ ತಿರುಗಿಸಿದರೆ ಉಪಗ್ರಹವನ್ನು ದಾಟಿಹೋದದ್ದು ಗೊತ್ತೇ ಆಗುವುದಿಲ್ಲ. ನೋಡಬೇಕಾದದ್ದು ಕ್ವಾಲಿಟಿಯನ್ನು. ಸ್ಟ್ರೆಂತ್ ಗೆರೆ ಎಲ್‌ಎನ್‌ಬಿಗೆ ಕರೆಂಟ್ ಹೋದರೆ ಸಾಕು, ಡಿಶ್ ಗೋಡೆ ನೋಡುತ್ತಿದ್ದರೂ ಏರುತ್ತದೆ.

ಕೇಬಲ್ ತುದಿ ಮತ್ತು ನೀರು

ಒಳಮೈಯ ಪ್ಲಾಸ್ಟಿಕ್ 6 ಮಿ.ಮೀ., ಅದರ ಮುಂದೆ ನಡುತಂತಿ 6 ಮಿ.ಮೀ. ಕಾಣುವಂತೆ ಸುಲಿಯಿರಿ. ಜಾಲರಿಯನ್ನು ಹಿಂದಕ್ಕೆ ಮಡಚಿ. ಒಂದೇ ಒಂದು ಎಳೆ ನಡುತಂತಿಗೆ ತಾಗಿದರೂ ಶಾರ್ಟ್. ಕನೆಕ್ಟರ್ ಕೂತ ಮೇಲೆ ಬಿಳಿ ಪ್ಲಾಸ್ಟಿಕ್ ಅದರ ಒಳತಳಕ್ಕೆ ಸಮವಾಗಿ ಬಂದು, ನಡುತಂತಿ ಬಾಯಿಯಿಂದ 2ರಿಂದ 3 ಮಿ.ಮೀ. ಹೊರಗೆ ಇಣುಕಬೇಕು. ಕಡಿಮೆಯಾದರೆ ತಾಗುವುದಿಲ್ಲ, ಹೆಚ್ಚಾದರೆ ಸ್ವಿಚ್ಚಿನ ಒಳಗಿನ ಕ್ಲಿಪ್ ಬಾಗುತ್ತದೆ. ತಿರುಚಿ ಹಾಕುವ ಕನೆಕ್ಟರಿಗಿಂತ ಕಂಪ್ರೆಶನ್ (ಉಪಕರಣದಿಂದ ಒತ್ತಿ ಕೂರಿಸುವ) ಕನೆಕ್ಟರ್ ಬಹಳ ಕಾಲ ಬಾಳುತ್ತದೆ; ಹೊರಗಿನ ಕೀಲುಗಳಿಗಾದರೂ ಅದನ್ನೇ ಹಾಕಿ.

ಎರಡೂ ತುದಿ ಬಿಚ್ಚಿಟ್ಟು, ನಡುತಂತಿಗೂ ಹೊರಕವಚಕ್ಕೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಬಂದರೆ ಆ ತುದಿಯನ್ನು ಕತ್ತರಿಸಿ ಹೊಸದಾಗಿ ಮಾಡಿ.

ಹೊರಗಿನ ಪ್ರತಿ ಕನೆಕ್ಟರಿಗೂ ರಬ್ಬರ್ ಟೇಪನ್ನು ಎಳೆದು ಹಿಗ್ಗಿಸುತ್ತ ಸುತ್ತಿ. ಹುಳಿ ವಾಸನೆ ಹೊಡೆಯುವ ಸಿಲಿಕೋನ್ ಹಚ್ಚಬೇಡಿ. ಅದು ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ. ಕನೆಕ್ಟರಿನ ಮುಂಚೆ ಕೇಬಲ್ ಒಮ್ಮೆ ಕೆಳಕ್ಕೆ ಜೋತು ಮತ್ತೆ ಮೇಲೇರುವಂತೆ ಬಿಟ್ಟರೆ ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ.

ಸ್ವಿಚ್ ಕೂರಿಸುವುದು

1. ರಿಸೀವರಿನ ಪ್ಲಗ್ ಗೋಡೆಯಿಂದ ಕೀಳಿ. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು. ಸ್ಟ್ಯಾಂಡ್‌ಬೈನಲ್ಲಿ ಕೆಲವು ರಿಸೀವರ್ ಕೇಬಲ್‌ಗೆ ವೋಲ್ಟೇಜ್ ಕೊಡುತ್ತಲೇ ಇರುತ್ತವೆ. ಆಗ ತಾಗಿದ ಒಂದು ಎಳೆ ಸ್ವಿಚ್ಚನ್ನೋ ರಿಸೀವರಿನ ವಿದ್ಯುತ್ ಭಾಗವನ್ನೋ ಸುಡಬಹುದು.

2. ಸ್ವಿಚ್ಚನ್ನು ಡಿಶ್‌ಗಳ ಹತ್ತಿರ, ಮಳೆ ಬೀಳದ ಕಡೆ, ಪೋರ್ಟ್‌ಗಳು ಕೆಳಮುಖವಾಗಿರುವಂತೆ ಬಿಗಿಯಿರಿ. ಬಯಲಿನಲ್ಲೇ ಇಡಬೇಕಾದರೆ ತಳದಲ್ಲಿ ತೂತಿರುವ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಇಡಿ. ಮುಚ್ಚಿದ ಪೆಟ್ಟಿಗೆಯೊಳಗೂ ಹಬೆ ನೀರಾಗುತ್ತದೆ, ಅದು ಹರಿದುಹೋಗಬೇಕು.

3. ಪ್ರತಿ ಕೇಬಲ್‌ಗೂ ಎರಡೂ ತುದಿಯಲ್ಲಿ ಉಪಗ್ರಹದ ಹೆಸರಿನ ಚೀಟಿ ಕಟ್ಟಿ. ಯಾವ ಉಪಗ್ರಹ ಯಾವ ಪೋರ್ಟಿಗೆ ಎಂದು ಕಾಗದದಲ್ಲಿ ಬರೆದು ರಿಸೀವರಿನ ಅಡಿಗೆ ಅಂಟಿಸಿ.

4. ಡಿಶ್‌ಗಳನ್ನು 1ರಿಂದ 4ರವರೆಗಿನ ಪೋರ್ಟಿಗೆ ಹಾಕಿ, ‘ರಿಸೀವರ್’ ಎಂದು ಬರೆದಿರುವ ಪೋರ್ಟಿನಿಂದ ಉದ್ದದ ಕೇಬಲ್ ಇಳಿಸಿ. ಕೈಯಿಂದ ಬಿಗಿಮಾಡಿ, ಸ್ಪ್ಯಾನರಿನಿಂದ ಕಾಲು ಸುತ್ತು ಹೆಚ್ಚು. ಅದಕ್ಕಿಂತ ಬಲ ಹಾಕಿದರೆ ಪೋರ್ಟೇ ತಿರುಗಿ ಒಳಗಿನ ಬೆಸುಗೆ ಕಿತ್ತುಬರುತ್ತದೆ.

5. ಕಂಬವನ್ನೂ ಕೇಬಲ್‌ನ ಹೊರಕವಚವನ್ನೂ ಕಟ್ಟಡದ ಅರ್ಥಿಂಗ್‌ಗೆ ದಪ್ಪ ತಾಮ್ರದ ತಂತಿಯಿಂದ ಸೇರಿಸಿ. ಇದು ನೇರ ಸಿಡಿಲನ್ನು ತಡೆಯಲಾರದು; ಗುಡುಗು ಶುರುವಾಗುವ ಮುಂಚೆ ಕೇಬಲ್ ಕಿತ್ತಿಡುವ ಅಭ್ಯಾಸವನ್ನು ಬಿಡಬೇಡಿ.

ಮೆನುವಿನಲ್ಲಿ ತುಂಬುವುದು

ಪ್ಲಗ್ ಹಾಕಿ ಇನ್‌ಸ್ಟಾಲೇಶನ್ ಅಥವಾ ಆಂಟೆನಾ ಸೆಟ್ಟಿಂಗ್ ತೆರೆಯಿರಿ. ಮೊದಲ ಉಪಗ್ರಹ ಆರಿಸಿ ಹೀಗೆ ತುಂಬಿ: ಎಲ್‌ಎನ್‌ಬಿ ಬಗೆ, ಯೂನಿವರ್ಸಲ್ ಆದರೆ 9750/10600, ಸಿ-ಬ್ಯಾಂಡ್ ಆದರೆ 5150, ಬೇರೆ ಆದರೆ ಅದರ ಮೈಮೇಲೆ ಬರೆದಿರುವ ಆವರ್ತನ. ಎಲ್‌ಎನ್‌ಬಿ ಪವರ್ ಆನ್. 22ಕೆ ಯೂನಿವರ್ಸಲ್‌ಗೆ ಆಟೊ, ಉಳಿದವಕ್ಕೆ ಆಫ್. ಟೋನ್‌ಬರ್ಸ್ಟ್ ಆಫ್. ಡೈಸೆಕ್ 1.1 ಆಫ್. ಡೈಸೆಕ್ 1.0ರಲ್ಲಿ ಆ ಡಿಶ್ ಇರುವ ಪೋರ್ಟ್. ಈಗ ಒಂದು ಬಲವಾದ ಟ್ರಾನ್ಸ್‌ಪಾಂಡರ್ ಆರಿಸಿ ಕ್ವಾಲಿಟಿ ನೋಡಿ. ಅಂಥದ್ದು ಪಟ್ಟಿಯಲ್ಲಿ ಇಲ್ಲದಿದ್ದರೆ ಆವರ್ತನ, ಪೋಲರೈಸೇಶನ್, ಸಿಂಬಲ್ ರೇಟ್ (ಸಂಕೇತಗಳು ಬರುವ ವೇಗ) ಕೈಯಾರೆ ಕೊಡಿ. ಸರಿಯಿದ್ದರೆ ಮುಂದಿನ ಉಪಗ್ರಹಕ್ಕೆ ಇದನ್ನೇ ಪುನಃ ಮಾಡಿ. ಸ್ಕ್ಯಾನ್ ಕೊನೆಗೆ.

ಪೋರ್ಟಿನ ಹೆಸರುಗಳಲ್ಲಿ ಗೊಂದಲವಿದೆ. ಕೆಲವು ರಿಸೀವರ್ 1, 2, 3, 4 ಎನ್ನುತ್ತವೆ, ಕೆಲವು ಎ, ಬಿ, ಸಿ, ಡಿ. ಇನ್ನು ಕೆಲವು ಎಎ, ಎಬಿ, ಬಿಎ, ಬಿಬಿ. ಎಎ ಅಂದರೆ ಒಂದು, ಬಿಬಿ ಅಂದರೆ ನಾಲ್ಕು, ಇದರಲ್ಲಿ ಸಂಶಯವಿಲ್ಲ. ನಡುವಿನ ಎರಡನ್ನು ಒಬ್ಬೊಬ್ಬರು ಒಂದೊಂದು ಕ್ರಮದಲ್ಲಿ ಬರೆಯುತ್ತಾರೆ. 2 ಮತ್ತು 3ನೆಯ ಡಿಶ್ ಬರದೆ ಉಳಿದೆರಡು ಬಂದರೆ ಕೇಬಲ್ ಮುಟ್ಟಬೇಡಿ, ಮೆನುವಿನಲ್ಲಿ ಆ ಎರಡನ್ನು ಅದಲುಬದಲು ಮಾಡಿ.

ಐದು ಡಿಶ್, ಎಂಟು ಡಿಶ್

ಎರಡು 4×1 ಡೈಸೆಕ್ 1.0 ಸ್ವಿಚ್‌ಗಳನ್ನು ಒಂದರ ಹಿಂದೊಂದು ಹಾಕಿದರೆ ಎರಡೂ ಒಂದೇ ಅಪ್ಪಣೆಗೆ ಓಗೊಡುತ್ತವೆ. ‘ಎರಡಕ್ಕೆ ಹೋಗು’ ಎಂದರೆ ಎರಡೂ ತಮ್ಮ ತಮ್ಮ ಎರಡಕ್ಕೆ ಹೋಗುತ್ತವೆ. ಡೈಸೆಕ್ 1.1 ಇರುವುದು ಇದಕ್ಕಾಗಿ. ಅದರ ಅಪ್ಪಣೆಯ ಭಾಷೆ ಬೇರೆ, ಒಂದು ಸ್ವಿಚ್ಚಿಗೆ 16 ಪೋರ್ಟ್‌ವರೆಗೆ ಇರಬಹುದು. ರಿಸೀವರಿನ ಕಡೆಗೆ 1.1, ಡಿಶ್‌ಗಳ ಕಡೆಗೆ 1.0 ಸ್ವಿಚ್‌ಗಳು. ನಾಲ್ಕು ಪೋರ್ಟಿನ 1.1ರ ಹಿಂದೆ ನಾಲ್ಕು 4×1 ಹಾಕಿದರೆ 16 ಡಿಶ್. ಮೆನುವಿನಲ್ಲಿ ಪ್ರತಿ ಉಪಗ್ರಹಕ್ಕೂ 1.1ರ ಪೋರ್ಟು, 1.0ರ ಪೋರ್ಟು ಎರಡನ್ನೂ ತುಂಬಬೇಕು. ರಿಪೀಟ್ (ಅಪ್ಪಣೆಯನ್ನು ಮತ್ತೆ ಕಳಿಸುವ) ಆಯ್ಕೆ ಇದ್ದರೆ 1 ಅಥವಾ 2 ಮಾಡಿ: ಮೊದಲ ಸ್ವಿಚ್ ಹೊರಳುವವರೆಗೆ ಹಿಂದಿನದಕ್ಕೆ ಕರೆಂಟೇ ಮುಟ್ಟಿರುವುದಿಲ್ಲ, ಮೊದಲ ಸಲದ ಅಪ್ಪಣೆ ಅದಕ್ಕೆ ಕೇಳಿಸಿರುವುದಿಲ್ಲ.

22ಕೆ ಸ್ವಿಚ್ಚನ್ನು ಸರಪಳಿಗೆ ಸೇರಿಸುವುದಾದರೆ ಅದು ಯಾವಾಗಲೂ ಡಿಶ್ ಕಡೆಗಿರಲಿ. ಮೋಟರ್ ಇರುವ ಡಿಶ್ ಒಂದಿದ್ದರೆ ರಿಸೀವರ್, ಸ್ವಿಚ್, ಆ ಪೋರ್ಟಿನ ಮುಂದೆ ಮೋಟರ್, ಅದರ ಮುಂದೆ ಎಲ್‌ಎನ್‌ಬಿ, ಈ ಕ್ರಮ.

ಕೆಟ್ಟಾಗ ಎಲ್ಲಿ ನೋಡಬೇಕು

ಯಾವ ತೊಂದರೆಗೂ ಮೊದಲ ಹೆಜ್ಜೆ ಒಂದೇ. ಸ್ವಿಚ್ಚಿನಿಂದ ಆ ಡಿಶ್‌ನ ಕೇಬಲ್ ಬಿಚ್ಚಿ, ಜಾಯಿಂಟರಿನಿಂದ ನೇರವಾಗಿ ರಿಸೀವರಿನ ಕೇಬಲ್‌ಗೆ ಸೇರಿಸಿ, ಡೈಸೆಕ್ ಆಫ್ ಮಾಡಿ. ಬಂದರೆ ತಪ್ಪು ಸ್ವಿಚ್ಚಿನದು ಅಥವಾ ಮೆನುವಿನದು. ಬರದಿದ್ದರೆ ಸ್ವಿಚ್ಚನ್ನು ಮರೆತು ಡಿಶ್ ಮತ್ತು ಕೇಬಲ್ ನೋಡಿ.

ವರ್ಟಿಕಲ್ ಚಾನೆಲ್ ಬಂದು ಹಾರಿಜಾಂಟಲ್ ಬರದಿದ್ದರೆ 18 ವೋಲ್ಟ್ ಮೇಲೆ ಮುಟ್ಟುತ್ತಿಲ್ಲ. 15 ವೋಲ್ಟ್‌ನ ಆಸುಪಾಸಿಗೆ ಕುಸಿದರೆ ಎಲ್‌ಎನ್‌ಬಿ ಅದನ್ನು ವರ್ಟಿಕಲ್ ಎಂದೇ ತಿಳಿಯುತ್ತದೆ. ಹಾರಿಜಾಂಟಲ್ ಚಾನೆಲ್ ಹಾಕಿಟ್ಟು ಸ್ವಿಚ್ಚಿನ ಬಾಯಲ್ಲಿ, ಕೇಬಲ್ ಕಳಚದ ಹಾಗೆ ಟಿ ಜಾಯಿಂಟ್ ಇಟ್ಟು ವೋಲ್ಟೇಜ್ ಅಳೆಯಿರಿ; ಭಾರವಿಲ್ಲದೆ ಅಳೆದರೆ 18 ಸರಿಯಾಗಿಯೇ ಕಾಣುತ್ತದೆ. ಕಾರಣ ಸಾಮಾನ್ಯವಾಗಿ ಉಕ್ಕಿನ ಕೇಬಲ್, ಇಲ್ಲವೇ ಹಸಿರುಗಟ್ಟಿದ ಕನೆಕ್ಟರ್.

ಕು-ಬ್ಯಾಂಡಿನಲ್ಲಿ 11700ಕ್ಕಿಂತ ಮೇಲಿನದೆಲ್ಲ ಮಾಯವಾಗಿದ್ದರೆ ಟೋನ್ ಹೋಗುತ್ತಿಲ್ಲ: 22ಕೆ ಆಫ್ ಆಗಿದೆ, ಇಲ್ಲವೇ ಎಲ್‌ಎನ್‌ಬಿ ಬಗೆ ತಪ್ಪಾಗಿ ತುಂಬಿದೆ.

ಒಂದು ಉಪಗ್ರಹ ಸ್ಕ್ಯಾನ್ ಮಾಡಿದರೆ ಇನ್ನೊಂದರ ಚಾನೆಲ್‌ಗಳು ಬಂದು ಕೂತರೆ ಪೋರ್ಟ್ ಅದಲುಬದಲಾಗಿದೆ. ಪೋರ್ಟ್ ಸರಿಯಿದ್ದೂ ಬಲವಾದ ಉಪಗ್ರಹದ ಒಂದೆರಡು ಚಾನೆಲ್ ಎಲ್ಲೆಡೆ ಇಣುಕುತ್ತಿದ್ದರೆ, ಅಥವಾ ದುರ್ಬಲ ಟ್ರಾನ್ಸ್‌ಪಾಂಡರ್ ಸ್ವಿಚ್ ಇದ್ದಾಗ ಮಾತ್ರ ಒಡೆಯುತ್ತಿದ್ದರೆ, ಸ್ವಿಚ್ಚಿನ ಒಳಗೆ ಒಂದು ಪೋರ್ಟಿನಿಂದ ಇನ್ನೊಂದಕ್ಕೆ ಸಿಗ್ನಲ್ ಸೋರುತ್ತಿದೆ. ಅದಕ್ಕೆ ದುರಸ್ತಿಯಿಲ್ಲ, ಒಳ್ಳೆಯ ಸ್ವಿಚ್ ತನ್ನಿ.

ಸ್ವಿಚ್ ಹಾಕಿದ ಮೇಲೆ ಕ್ವಾಲಿಟಿ ಸ್ವಲ್ಪ ಇಳಿಯುವುದು ಸಹಜ. ಬರೆದಿಟ್ಟ ಅಂಕಿಗಿಂತ ಬಹಳ ಇಳಿದಿದ್ದರೆ ಮೊದಲು ಕನೆಕ್ಟರ್ ಬಿಚ್ಚಿ ನೋಡಿ. ಎಲ್ಲ ಡಿಶ್ ಒಟ್ಟಿಗೆ ಸತ್ತು ರಿಸೀವರ್ ‘ಶಾರ್ಟ್’ ಅಥವಾ ‘ಓವರ್‌ಲೋಡ್’ ಎಂದರೆ ತಪ್ಪು ಉದ್ದದ ಕೇಬಲ್‌ನಲ್ಲೋ ಸ್ವಿಚ್ಚಿನಲ್ಲೋ ಇದೆ. ಒಂದೇ ಉಪಗ್ರಹಕ್ಕೆ ಹೋದಾಗ ಹಾಗೆಂದರೆ ಆ ಡಿಶ್‌ನ ತುಂಡಿನಲ್ಲಿ.

ಬೆಳಗ್ಗೆ ಟಿವಿ ಹಾಕಿದಾಗ ಮೊದಲ ಚಾನೆಲ್ ಬರುವುದಿಲ್ಲ, ಒಮ್ಮೆ ಬೇರೆಡೆ ಹೋಗಿ ಬಂದರೆ ಬರುತ್ತದೆ. ರಿಸೀವರ್ ಎದ್ದ ಕೂಡಲೇ ಕಳಿಸಿದ ಅಪ್ಪಣೆ, ಇನ್ನೂ ಎದ್ದಿರದ ಸ್ವಿಚ್ಚಿಗೆ ಕೇಳಿಸಲಿಲ್ಲ ಎಂದರ್ಥ. ರಿಪೀಟ್ ಹಾಕಿ, ಆ ಆಯ್ಕೆ ಇಲ್ಲದ ರಿಸೀವರಿನಲ್ಲಿ ಹೆಚ್ಚು ನೋಡುವ ಉಪಗ್ರಹವನ್ನು ಪೋರ್ಟ್ 1ಕ್ಕೆ ತನ್ನಿ. ಅಪ್ಪಣೆ ಬರದಿದ್ದಾಗ ಸ್ವಿಚ್‌ಗಳು ಸಾಮಾನ್ಯವಾಗಿ ನಿಲ್ಲುವುದು ಆ ಪೋರ್ಟಿನಲ್ಲೇ.